ಹೆಳವರ ದಾನಪ್ಪ ಟಿವಿಯಲ್ಲಿ ಬಂದ ದಿನ

ಅವತ್ತು ಬೆಳಿಗ್ಗೆ ಹನ್ನೊಂದಕ್ಕೆ ಶಿವಕುಮಾರಿ ವಿಲೆ ಪಾರ್ಲೆಯ ತನ್ನ ಸುದ್ದಿ ಚಾನೆಲ್ಲಿನ ಆಫೀಸಿನ ನಾಲ್ಕನೇ ಮಹಡಿಯಲ್ಲಿ ಲಿಫ್ಟಿನಿಂದ ಹೊರಬಂದಾಗ, ಗೋಡೆಯ ತುಂಬ ತೂಗುಹಾಕಿದ್ದ ಹನ್ನೆರಡು ಟಿವಿಗಳ ಪೈಕಿ ಐದರಲ್ಲಿ ಅದೇ ಒಬ್ಬ ಮುದುಕನಿದ್ದ. ಬಿಳಿ ಧೋತರ, ತಲೆಗೆ ರುಮಾಲು, ಹೆಗಲಲ್ಲಿ ಜೋಳಿಗೆ. ಯಾವುದೋ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಬಗ್ಗಿ ನಿಂತು ಆರೇಳು ವರ್ಷದ ಹುಡುಗಿಯನ್ನು ಏನೋ ಕೇಳುತ್ತಿದ್ದ. ಅವಳು ಹೇಳಿದ್ದನ್ನು ಉದ್ದನೆಯ ಪುಸ್ತಕವೊಂದರಲ್ಲಿ ಬರೆದುಕೊಳ್ಳುತ್ತಿದ್ದ. ಅವನ ಮುಖದ ಸುತ್ತ ಕೆಂಪು ವೃತ್ತ. ಕೆಳಗೆ ಹಿಂದಿಯಲ್ಲಿ ದಪ್ಪ ಅಕ್ಷರಗಳ ಸಾಲು: ನಿಮ್ಮ ಮಗುವಿನ ಹೆಸರು ಕೇಳುತ್ತಿರುವ ಇವನು ಯಾರು?

ಆ ಸಾಲನ್ನು ಬರೆದವಳು ಶಿವಕುಮಾರಿಯೇ. ಬೆಳಿಗ್ಗೆ ಎಂಟಕ್ಕೆ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಡೆಸ್ಕಿನ ವೈಶಾಲಿ ಫೋನ್ ಮಾಡಿದ್ದಳು. ದಹಿಸರಿನ ವರದಿಗಾರ ಮುಜಾಹಿದ ನಲವತ್ತು ಸೆಕೆಂಡಿನ ಸಿಸಿಟಿವಿ ತುಣುಕು ಕಳಿಸಿದ್ದಾನೆ, ಮಕ್ಕಳ ಕಳ್ಳ ಎಂದು ವಾಟ್ಸಾಪಿನಲ್ಲೆಲ್ಲ ಪುಕಾರೆದ್ದಿದೆ, ಮೊದಲು ಪೊಲೀಸರನ್ನು ಕೇಳೋಣವೇ ಎಂದಳು. "ಕೇಳುವುದೆಲ್ಲ ಆಮೇಲೆ. ಮೊದಲು ಪರದೆಯ ಮೇಲೆ ಓಡಿಸು," ಎಂದು ಇವಳು ಸಾಲು ಹೇಳಿ ಬರೆಸಿದಳು, ಫೋನಿಟ್ಟು ಬಿಸ್ಕತ್ತು ಅದ್ದಿಕೊಂಡು ತಿಂದಳು. ತುಣುಕನ್ನು ತೆರೆದು ನೋಡಲಿಲ್ಲ. ಅಯ್ಯೋ ಪುಣ್ಯಾತ್ಗಿತ್ತಿ, ನಲವತ್ತೇ ಸೆಕೆಂಡು! ನೋಡಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಈಗ ನೋಡಿದಳು. ಆ ಮುದುಕ ದಾನಪ್ಪ. ಅವರ ಮನೆತನದ ಹೆಳವ.

ಹೆಳವರೆಂದರೆ ಗೊತ್ತಲ್ಲ? ಒಂದೊಂದು ಮನೆತನಕ್ಕೂ ಒಬ್ಬೊಬ್ಬ ಹೆಳವನಿರುತ್ತಾನೆ. ಮೂಲಪುರುಷ ಯಾರು, ಅವನ ಮಕ್ಕಳೆಷ್ಟು, ಯಾವ ಊರಿನಿಂದ ಯಾವ ಊರಿಗೆ ಬಂದರು ಎಂಬುದೆಲ್ಲ ಅವನ ನಾಲಿಗೆಯ ಮೇಲಿರುತ್ತದೆ, ಅವನ ಪುಸ್ತಕದಲ್ಲೂ ಇರುತ್ತದೆ. ಸುಗ್ಗಿ ಮುಗಿದ ಮೇಲೆ ಎತ್ತಿನೊಂದಿಗೆ ಬಂದು ಬಾಗಿಲಲ್ಲಿ ನಿಂತು ವಂಶಾವಳಿ ಒದರುತ್ತಾನೆ. ಕೊಟ್ಟ ಜೋಳ, ಧೋತರ ತೆಗೆದುಕೊಂಡು, ವರ್ಷದಲ್ಲಿ ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಕೇಳಿ ಬರೆದುಕೊಂಡು ಮುಂದಿನ ಮನೆಗೆ ಹೋಗುತ್ತಾನೆ. ಮಕ್ಕಳ ಹೆಸರು ಕೇಳುವುದೇ ಅವನ ಕಾಯಕ. ಅಫಜಲಪುರದ ಕಡೆಯ ಅರ್ಧ ಊರು ಗಾರೆ ಕೆಲಸಕ್ಕೆ ಮುಂಬಯಿಗೆ ಬಂದಾಗ ದಾನಪ್ಪ ತನ್ನ ಮನೆತನಗಳನ್ನು ಬಿಟ್ಟುಕೊಡಲಿಲ್ಲ. ಎತ್ತನ್ನು ಊರಲ್ಲಿ ಕಟ್ಟಿ, ರೈಲು ಹತ್ತಿ, ವರ್ಷಕ್ಕೊಮ್ಮೆ ದಹಿಸರಿಗೂ ಸಯನ್‌ಗೂ ಬಂದೇ ಬರುತ್ತಿದ್ದ. ಬಂದರೆ ಇಳಿದುಕೊಳ್ಳುವುದು ಶಿವಕುಮಾರಿಯ ಅಪ್ಪ ಬಂಡೆಪ್ಪನ ಚಾಳಿನ ಖೋಲಿಯಲ್ಲಿ.

ಹೆಣ್ಣುಮಕ್ಕಳ ಹೆಸರು ಬರೆಯುವುದು ಗಂಡನ ಮನೆಯ ಹೆಳವನ ಕೆಲಸ ಎಂದು ದಾನಪ್ಪ ಹೇಳಿದರೂ ಕೇಳದೆ, ಹನ್ನೆರಡು ವರ್ಷದ ಶಿವಕುಮಾರಿ ಅವನ ಪುಸ್ತಕ ಹಿಡಿದುಕೊಂಡು ಅತ್ತು ರಂಪ ಮಾಡಿದ್ದಳು. "ಬರೀತೀನಿ ಬಿಡವ್ವಾ, ಮಾರಾಯ್ತಿ, ಪುಸ್ತಕ ಹರದೀತು," ಎಂದು ನಕ್ಕು ಬರೆದುಕೊಂಡಿದ್ದ. ಹಾಗೆ ಬರೆಸಿಕೊಂಡವಳು ಇಪ್ಪತ್ತು ತುಂಬುವುದರೊಳಗೆ ಆ ಹೆಸರನ್ನು ತಾನೇ ಬಿಟ್ಟಳು.

ಅದು ಆದದ್ದು ಹೀಗೆ. ಮುಂಬಯಿ ಮುಳುಗಿತೆನ್ನುವ ಆ ಜುಲೈ ಮಳೆಯ ದಿನ ಶಿವಕುಮಾರಿ ಪಾರ್ಲೆಯ ಕಾಲೇಜಿನಿಂದ ದಹಿಸರಿನವರೆಗೆ ಎದೆಮಟ್ಟದ ನೀರಲ್ಲಿ ನಡೆದಳು. ದಾರಿಯಲ್ಲಿ ಸಿಕ್ಕ ಫೋನ್ ಬೂತುಗಳಿಂದೆಲ್ಲ ಒಂದು ಸುದ್ದಿ ಚಾನೆಲ್ಲಿಗೆ ಫೋನ್ ಹಚ್ಚಿ, ಎಲ್ಲಿ ಎಷ್ಟು ನೀರು, ಎಲ್ಲಿ ಬಸ್ಸು ನಿಂತಿದೆ ಎಂದು ಹೇಳುತ್ತ ಹೋದಳು. ಆ ದನಿಯಲ್ಲಿ ಅಳುಕಿರಲಿಲ್ಲ. ಮುಂದಿನ ವಾರವೇ ಕರೆದು ಕೆಲಸ ಕೊಟ್ಟರು. ಪರದೆಯ ಕೆಳಗೆ ಓಡುವ ಸುದ್ದಿಸಾಲು ಟೈಪು ಮಾಡುವ ಕೆಲಸ. ಹೆಸರು ಉದ್ದವಾಯಿತು ಎಂದರು. ಶಿವಾನಿ ಎಂದು ಮಾಡಿಕೊಂಡಳು. ಊರು ಯಾವುದು ಎಂದರು. ದಹಿಸರ್ ಎಂದಳು. ಸುಳ್ಳೇನಲ್ಲ.

ಆಮೇಲೆ ಅವಳ ಓಟ ನೋಡಬೇಕಿತ್ತು. ಟೈಪಿಸ್ಟ್ ಆಗಿದ್ದವಳು ಬುಲೆಟಿನ್ ಪ್ರೊಡ್ಯೂಸರ್ ಆದಳು. ಚಾನೆಲ್ ಬದಲಿಸಿದಳು, ಡೆಸ್ಕಿನ ಮುಖ್ಯಸ್ಥೆಯಾದಳು, ಕೊನೆಗೆ ಪರದೆಯ ಮೇಲೆ ಏನು ಬರಬೇಕು, ಎಷ್ಟು ಹೊತ್ತು ಬರಬೇಕು ಎಂದು ನಿರ್ಧರಿಸುವವಳಾದಳು. ಅವಳ ಕಣ್ಣು ಚುರುಕು. ಮಸುಕು ಮಸುಕಾದ ಸಿಸಿಟಿವಿ ಚಿತ್ರದಲ್ಲಿ ಒಬ್ಬನ ಮುಖದ ಸುತ್ತ ಕೆಂಪು ವೃತ್ತ ಎಳೆದು, ಅದನ್ನೇ ನಿಧಾನಕ್ಕೆ ಮತ್ತೆ ಮತ್ತೆ ತೋರಿಸಿದರೆ ಜನ ಚಾನೆಲ್ ಬದಲಿಸುವುದಿಲ್ಲ ಎಂದು ಆ ಆಫೀಸಿಗೆ ಕಲಿಸಿಕೊಟ್ಟವಳು ಅವಳೇ. ಆ ವೃತ್ತದಲ್ಲಿ ಒಬ್ಬ ವಾಚ್‌ಮನ್ ಬಿದ್ದ, ಒಬ್ಬಳು ಮನೆಗೆಲಸದವಳು ಬಿದ್ದಳು, ಒಬ್ಬ ಟ್ಯೂಷನ್ ಮಾಸ್ತರ ಬಿದ್ದ. ಬಿದ್ದವರು ಆಮೇಲೆ ಏನಾದರು ಎಂದು ಕೇಳುವ ಪದ್ಧತಿ ಅಲ್ಲಿರಲಿಲ್ಲ. ಗುರುವಾರ ಗುರುವಾರ ರೇಟಿಂಗ್ ಬರುತ್ತಿತ್ತು, ಕೇಕ್ ಕತ್ತರಿಸುತ್ತಿದ್ದರು.

ಅಪ್ಪನಿಗೆ ಮಾತ್ರ ಅವಳ ಕೆಲಸ ಏನೆಂದು ಸರಿಯಾಗಿ ಗೊತ್ತಿರಲಿಲ್ಲ. ನಲವತ್ತು ವರ್ಷ ಕಾಂಕ್ರೀಟು ಒಡೆಯುವ ಮಶೀನು ಹಿಡಿದು ಬಂಡೆಪ್ಪನ ಕಿವಿ ಹೋಗಿದ್ದವು. ಓದು ಬಾರದು. ಬೆಳಗಿನ ಕೆಲಸ ಮುಗಿಸಿ ಬಂದು ಮಗಳ ಚಾನೆಲ್ ಹಚ್ಚಿ, ದನಿ ಪೂರಾ ಬಂದ್ ಮಾಡಿ, ಬರೀ ಚಿತ್ರ ನೋಡುತ್ತ ಕೂರುವನು. ಅವನೊಡನೆ ಫೋನಿನಲ್ಲಿ ಮಾತಾಡಬೇಕಾದರೆ ಗಂಟಲು ಹರಿಯುವ ಹಾಗೆ ಕಿರುಚಬೇಕು.

ಹನ್ನೊಂದು ಗಂಟೆಗೆ ಶಿವಕುಮಾರಿ ಮಾಡಬೇಕಾಗಿದ್ದದ್ದು ಒಂದೇ. ತುಣುಕು ತೆಗೆಸಿ, ಈತ ಕಳ್ಳನಲ್ಲ, ವಂಶಾವಳಿ ಹೇಳುವ ಹೆಳವ, ನಮ್ಮಿಂದ ತಪ್ಪಾಯಿತು ಎಂದು ಹಾಕಿಸುವುದು. ಮೊಬೈಲಿನಲ್ಲಿ ಮುಜಾಹಿದನ ಮೆಸೇಜು ಹತ್ತು ಗಂಟೆಗೇ ಬಂದು ಬಿದ್ದಿತ್ತು. ಅವಳು ಕನ್ನಡದವಳೆಂದು ಆ ಚಾನೆಲ್ಲಿನಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. "ಮೇಡಂ, ಆ ಬಿಲ್ಡಿಂಗಿಗೆ ಹೋಗಿ ಕೇಳಿದೆ. ಹುಡುಗಿ ಮನೆಯವರು ಕನ್ನಡದವರೇ. ಅಂವ ಅವರ ಹೆಳವ ಅಂತ್ರಿ. ನಮ್ಮ ವಿಜಾಪುರದ ಕಡೀನೂ ಬರ್ತಿದ್ರು, ನಾ ಸಣ್ಣಾಂವ ಇದ್ದಾಗ ನೋಡೀನಿ. ದಯವಿಟ್ಟು ತೆಗಸ್ರಿ." ಓದಿದಳು. ಎರಡು ಸಲ ಓದಿದಳು.

ಅಷ್ಟರಲ್ಲಿ ದೊಡ್ಡ ಸಾಹೇಬರು ತಮ್ಮ ಕ್ಯಾಬಿನ್ನಿನಿಂದ ಹೊರಬಂದರು. ಚಾನೆಲ್ಲಿನ ಮಾಲೀಕರ ಕಡೆಯವರು, ಹಾಗೆಲ್ಲ ಹೊರಗೆ ಬರುವವರಲ್ಲ. "ಶಿವಾನೀ, ನಾಲ್ಕು ಚಾನೆಲ್ಲಿನವರು ನಮ್ಮದನ್ನೇ ಎತ್ತಿಕೊಂಡಿದ್ದಾರೆ, ನಿನ್ನ ವೃತ್ತದ ಸಮೇತ! ಶುಕ್ರವಾರ ಬೋರ್ಡ್ ಮೀಟಿಂಗ್. ಸಂಪಾದಕರ ಕುರ್ಚಿಗೆ ನಿನ್ನ ಹೆಸರೇ ಹೇಳುತ್ತೇನೆ," ಎಂದು ಹಿಂದಿಯಲ್ಲಿ ಹೇಳಿ ಎಲ್ಲರೆದುರು ಕೈಕುಲುಕಿದರು. ಇಪ್ಪತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಮಾತು. ಅದರ ಬೆನ್ನಿಗೇ ಈಗ, ಸಾಹೇಬರೇ, ಇವನು ನಮ್ಮ ಮನೆಯ ಮನುಷ್ಯ, ನಾನು ನೋಡದೇ ಓಡಿಸಿಬಿಟ್ಟೆ ಎನ್ನಬೇಕಿತ್ತು. ಥ್ಯಾಂಕ್ಯೂ ಸರ್ ಎಂದಳು.

ಅವಳು ಕಟುಕಳಲ್ಲ, ಹಾಗೆ ತಿಳಿಯಬೇಡಿ. ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮಧ್ಯಾಹ್ನ ಒಂದು ಗಂಟೆಯ ಬುಲೆಟಿನ್ನಿಗೆ ಹೇಗೂ ಸುದ್ದಿ ಬದಲಾಗುತ್ತವೆ, ಆಗ ಯಾರಿಗೂ ಗೊತ್ತಾಗದ ಹಾಗೆ ತುಣುಕನ್ನು ಜಾರಿಸಿಬಿಡುತ್ತೇನೆ, ಸಂಜೆಯೊಳಗೆ ಮುಂಬಯಿ ಮರೆಯುತ್ತದೆ ಎಂದುಕೊಂಡಳು. ಅಪ್ಪನಿಗೆ ಫೋನ್ ಮಾಡಿ ದಾನಪ್ಪ ಎಲ್ಲಿದ್ದಾನೆ ಎಂದು ಕೇಳಬೇಕೆಂದು ಮೊಬೈಲು ಕೈಗೆತ್ತಿಕೊಂಡಳು. ಮಾಡಿದರೆ ಕನ್ನಡದಲ್ಲಿ ಕಿರುಚಬೇಕು, ಇಡೀ ಮಹಡಿ ತಿರುಗಿ ನೋಡುತ್ತದೆ. ಮೊಬೈಲನ್ನು ಮೇಜಿನ ಮೇಲೆ ಬೋರಲಿಟ್ಟಳು.

ಹನ್ನೆರಡೂ ಮುಕ್ಕಾಲಿಗೆ ಅದು ತಾನಾಗಿಯೇ ಗುರುಗುಟ್ಟಿತು. ಅಪ್ಪ. ಅವಳು ಓಡಿಹೋಗಿ ಮೆಟ್ಟಿಲ ಕಡೆಯ ಬಾಗಿಲು ತೆಗೆದುಕೊಂಡು ನಿಂತಳು.

"ಶಿವ್ವೀ! ಏನ ಕೆಲಸಾ ಮಾಡೀದಿಯವ್ವಾ!" ಬಂಡೆಪ್ಪ ಕೂಗುತ್ತಿದ್ದ. ಅಪ್ಪನಿಗೆ ಗೊತ್ತಾಗಿಬಿಟ್ಟಿದೆ ಎಂದುಕೊಂಡಳು. ಆದರೆ ಅಪ್ಪ ನಗುತ್ತಿದ್ದ. "ನಮ್ಮ ದಾನಪ್ಪನ್ನ ಟಿವ್ಯಾಗ ಹಾಕೀದಿ! ದೇವರ ಫೋಟೋಕ್ಕ ಹಾಕಿದಂಗ ಸುತ್ತಲೂ ಕೆಂಪಂದು ಹಾಕಿಸೀದಿ! ಚಾಳಿನ ಮಂದೀನ್ನೆಲ್ಲಾ ಕರದು ತೋರಸಬೇಕಂದ್ರ ಎಲ್ಲಾರೂ ಕೆಲಸಕ್ಕ ಹೋಗ್ಯಾರ. ಅಂವ ಎಷ್ಟ ವರ್ಷ ನಮ್ಮ ಮನಿ ಹೆಸರ ಹೊತ್ಕೊಂಡ ತಿರಗ್ಯಾನ, ಅವನ ಹೆಸರ ನೀ ಎತ್ತೀದಿ. ನಿಮ್ಮವ್ವ ಇರಬೇಕಿತ್ತು ನೋಡಾಕ."

"ಅಪ್ಪಾ, ಅದು ಹಂಗಲ್ಲ! ಅಂವ ಎಲ್ಲದಾನ?"

"ಆಂ? ಸಯನ್‌ದಾಗ, ನಿಮ್ಮ ದೇವಕ್ಕತ್ತಿ ಮನ್ಯಾಗ. ನಿನ್ನೆ ಇಲ್ಲಿಂದ ಹೋಗ್ಯಾನ. ಟಿವಿ ನೋಡಿದವನ ಅವಳ ಫೋನಿಗೆ ಮಾಡಿ ಹೇಳೀನಿ. ನಮ್ಮ ಶಿವ್ವಿ ನಿನ್ನ ಟಿವ್ಯಾಗ ಹಾಕ್ಯಾಳ, ಸುಮ್ನ ಕೂಡಬ್ಯಾಡ, ಮನಿಮನಿಗೆ ಹೋಗಿ ನಾನ ಅಂವ ಅಂತ ಹೇಳು, ಮಂದಿ ಕೈತುಂಬ ಕೊಡತಾರ ಅಂದೆ. ಮುದುಕ ಅಳಾಕತ್ತಾನ ಅಂತ ದೇವಕ್ಕ ಒದರಿ ಹೇಳಿದಳು ನೋಡು, ಹಿಗ್ಗಿಗೆ!"

"ಅಪ್ಪಾ! ಅವನ್ನ ಹೊರಗ ಬಿಡಬ್ಯಾಡ ಅನ್ನು! ಒಳಗ ಇರು ಅನ್ನು!"

"ಏನೂ ಕೇಳವಲ್ದವ್ವಾ. ಸಂಜಿಗೆ ಬಾ, ಹೋಳಿಗಿ ತರಸತೀನಿ," ಎಂದು ಬಂಡೆಪ್ಪ ಫೋನಿಟ್ಟ.

ಮುಂದಿನ ಹತ್ತು ನಿಮಿಷದಲ್ಲಿ ಶಿವಕುಮಾರಿ ಮಾಡಿದ್ದನ್ನು ಹನ್ನೊಂದಕ್ಕೇ ಮಾಡಿದ್ದರೆ! ಅತ್ತೆಗೆ ಹಚ್ಚಿದಳು. ದೇವಕ್ಕ ಎತ್ತಿದಳು. ದಾನಪ್ಪ ಆಗಲೇ ಹೊರಬಿದ್ದಿದ್ದ. "ಹಿಂದಿನ ಬಿಲ್ಡಿಂಗಿನ್ಯಾಗ ನಮ್ಮ ಕಡೀ ನಾಕ ಮನಿ ಅದಾವಲ್ಲ, ಅಲ್ಲಿಗೆ ಹೋದ. ಹೊಸಾ ಧೋತರ ಉಟ್ಟ ಹೋಗ್ಯಾನ. ಯಾಕವ್ವಾ?" ಎಂದಳು.

"ಕರ್ಕೊಂಡ ಬಾ ಅತ್ತಿ. ಈಗಿಂದೀಗ. ಬಾಗಲಾ ಹಾಕ್ಕೊಂಡ ಕೂಡ್ರಿ."

"ಯಾಕಂತ ಹೇಳ."

"ಆಮ್ಯಾಲೆ ಹೇಳತೀನಿ," ಎಂದಳು. ಮೊಣಕಾಲು ನೋವಿನ ದೇವಕ್ಕ, ಮೂರು ಮಹಡಿ ಇಳಿಯಬೇಕು.

ಪರಿಚಯದ ಪೊಲೀಸ್ ಅಧಿಕಾರಿಗೆ ಹಚ್ಚಿದಳು. ಸಯನ್ ಕಡೆ ಒಬ್ಬ ಮುದುಕ, ನಿರಪರಾಧಿ, ಜನ ತಪ್ಪು ತಿಳಿಯಬಹುದು ಎಂದಳು. ಅವರು, "ಮೇಡಂ, ಬೆಳಗಿನಿಂದ ಅವನನ್ನು ಹಿಡಿಯಿರಿ ಎಂದು ನಮಗೆ ನೂರು ಫೋನ್ ಬಂದಿವೆ. ಎಲ್ಲರೂ ನಿಮ್ಮ ಚಾನೆಲ್ ಹೆಸರನ್ನೇ ಹೇಳುತ್ತಿದ್ದಾರೆ. ಗಾಡಿ ಕಳಿಸುತ್ತೇನೆ," ಎಂದರು. ಆಮೇಲೆ ಅವಳು ಒಳಗೆ ಬಂದು ತುಣುಕು ತೆಗೆಸಿದಳು. ಗಡಿಯಾರದಲ್ಲಿ ಒಂದು. ಐದು ಪರದೆಗಳ ಪೈಕಿ ಒಂದರಲ್ಲಿ ದಾನಪ್ಪ ಮಾಯವಾದ. ಉಳಿದ ನಾಲ್ಕು ಬೇರೆಯವರ ಚಾನೆಲ್ಲುಗಳು, ಅಲ್ಲಿ ಅವನು ಬಗ್ಗಿ ಬಗ್ಗಿ ಹೆಸರು ಬರೆದುಕೊಳ್ಳುತ್ತಲೇ ಇದ್ದ. ತಪ್ಪಾಯಿತು ಎಂಬ ಸಾಲನ್ನು ಅವಳು ಇನ್ನೂ ಬರೆಸಿರಲಿಲ್ಲ. ಅವನು ಮನೆಯೊಳಗೆ ಸೇರಿದನೆಂದು ಗೊತ್ತಾಗಲಿ, ಆಮೇಲೆ ನೋಡೋಣ ಎಂದುಕೊಂಡಳು. ದೇವಕ್ಕನ ಫೋನು ರಿಂಗಾಗುತ್ತಿತ್ತು, ಎತ್ತುವವರಿರಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ಬಿಚ್ಚಿದರು. ಶಿವಕುಮಾರಿ ಕ್ಯಾಬಿನ್ನಿನಲ್ಲಿ ಕೂತು ಗೋಡೆ ನೋಡುತ್ತಿದ್ದಳು. ಒಂದೂ ಕಾಲು. ಒಂದೂವರೆ. ಎರಡು. ಯಾವ ಸುದ್ದಿಯೂ ಇಲ್ಲದ್ದೇ ಒಳ್ಳೆಯ ಸುದ್ದಿ ಎಂದು ತನಗೆ ತಾನೇ ಹೇಳಿಕೊಂಡಳು. ಸುದ್ದಿ ಎಷ್ಟು ಹೊತ್ತಿಗೆ ಎಲ್ಲಿಂದ ಬರುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಹೇಳಿಕೊಂಡಳು.

ಎರಡೂ ಕಾಲಿಗೆ ವೈಶಾಲಿ ಬಾಗಿಲು ತಟ್ಟದೇ ನುಗ್ಗಿದಳು. ಇಪ್ಪತ್ತಾರರ ಹುಡುಗಿ, ಕೆಟ್ಟವಳಲ್ಲ, ಇವಳೇ ತಿದ್ದಿ ಬೆಳೆಸಿದವಳು. ಮುಖ ಕೆಂಪಾಗಿತ್ತು. "ಮೇಡಂ, ಸಯನ್‌ನಲ್ಲಿ ಸಿಕ್ಕಿಬಿದ್ದ! ಬೇರೆ ಯಾರಿಗೂ ಇನ್ನೂ ಸಿಕ್ಕಿಲ್ಲ, ಮೊದಲು ನಮಗೇ ಬಂದಿದೆ," ಎಂದು ಫೋನನ್ನು ಮೇಜಿನ ಮೇಲಿಟ್ಟು ಒತ್ತಿದಳು.

ಬಿಲ್ಡಿಂಗಿನ ಅಂಗಳ. ಮೂವತ್ತು ನಲವತ್ತು ಜನ. ಚಿತ್ರ ಅಲ್ಲಾಡುತ್ತಿತ್ತು. ನಡುವೆ ನೆಲದ ಮೇಲೆ ಹೊಸ ಧೋತರ, ಅದು ಬಿಳಿಯಾಗಿ ಉಳಿದಿರಲಿಲ್ಲ. ಒಬ್ಬ ಪುಸ್ತಕವನ್ನು ಎತ್ತಿ ಹಿಡಿದು, ನೋಡಿ, ಮಕ್ಕಳ ಹೆಸರೇ ಇದರ ತುಂಬ ಎಂದು ಒದರಿ ಹಾಳೆ ಹರಿಯುತ್ತಿದ್ದ. ಆ ಗದ್ದಲದ ಕೆಳಗಿನಿಂದ ಒಂದು ದನಿ ರಾಗವಾಗಿ, ಏದುಸಿರು ಬಿಡುತ್ತ, ನಿಲ್ಲದೆ ಹೇಳುತ್ತಿತ್ತು:

"ಪರಪ್ಪನ ಮಗ ಶಾಂತಪ್ಪ, ಶಾಂತಪ್ಪನ ಮಗ ಶರಣಬಸಪ್ಪ, ಶರಣಬಸಪ್ಪನ ಮಗ ಬಂಡೆಪ್ಪ, ಬಂಡೆಪ್ಪನ ಮಗಳು ಶಿವಕುಮಾರಿ... ಟಿವ್ಯಾಗ ಅದಾಳ್ರೀ ಯಪ್ಪಾ... ಅಕೀನ ಕೇಳ್ರೀ... ಪರಪ್ಪನ ಮಗ ಶಾಂತಪ್ಪ..."

ಮಂತ್ರ ಹಾಕುತ್ತಿದ್ದಾನೆ, ಬಾಯಿ ಮುಚ್ಚಿಸಿ ಎಂದು ಯಾರೋ ಮರಾಠಿಯಲ್ಲಿ ಕೂಗಿದರು. ಒಂದು ಕಾಲು ಬೀಸಿತು. ದನಿ ನಿಂತಿತು. ತುಣುಕೂ ಅಲ್ಲಿಗೇ ಮುಗಿಯಿತು.

"ಯಾವ ಭಾಷೆ ಮೇಡಂ ಇದು? ನಿಜವಾಗಿಯೂ ಮಂತ್ರವೇ?" ಎಂದಳು ವೈಶಾಲಿ. "ನಿಮಗೆ ಗೊತ್ತಾಯಿತಾ, ಏನು ಹೇಳುತ್ತಿದ್ದಾನೆ?"

ಬಾಗಿಲಲ್ಲಿ ದೊಡ್ಡ ಸಾಹೇಬರೂ ಬಂದು ನಿಂತಿದ್ದರು. ಹಿಂದೆ ಡೆಸ್ಕಿನ ಏಳೆಂಟು ಜನ. ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ," ಎಂದಳು ಶಿವಕುಮಾರಿ.

ಛೀ ಎನ್ನಿಸುತ್ತದಲ್ಲವೇ? ನನಗೂ ಅನ್ನಿಸುತ್ತದೆ. ಅವಳಿಗೂ ಅನ್ನಿಸಿತು, ಆ ಮಾತು ಬಾಯಿಂದ ಹೊರಬಿದ್ದ ಕ್ಷಣವೇ. "ಇದನ್ನು ಓಡಿಸಬೇಡಿ," ಎಂದಳು. ಸಾಹೇಬರು ನಕ್ಕರು. ದನಿ ಬಂದ್ ಮಾಡಿ ಓಡಿಸಿ ಎಂದರು. ವೈಶಾಲಿ ಇಬ್ಬರನ್ನೂ ನೋಡಿ ಸಾಹೇಬರ ಹಿಂದೆ ಹೋದಳು. ಶಿವಕುಮಾರಿ ಪರ್ಸ್ ತೆಗೆದುಕೊಂಡಳು. ಲಿಫ್ಟಿಗೆ ಕಾಯಲಾರದೆ ನಾಲ್ಕು ಮಹಡಿ ಮೆಟ್ಟಿಲಿಳಿದು ಆಟೋ ಹತ್ತಿದಳು.

ಮೊದಲು ದೇವಕ್ಕನ ಬಿಲ್ಡಿಂಗಿಗೆ ಹೋಗಿ, ಅಲ್ಲಿ ಕೇಳಿಕೊಂಡು ಸಯನ್‌ನ ಆಸ್ಪತ್ರೆಗೆ ಬರುವಷ್ಟರಲ್ಲಿ ನಾಲ್ಕಾಗಿತ್ತು. ದಾನಪ್ಪ ಮೂರೂವರೆಗೇ ಹೋಗಿಬಿಟ್ಟಿದ್ದ. ಪೊಲೀಸ್ ಗಾಡಿ ಬಂದು ಜನರನ್ನು ಚದುರಿಸಿ ಇಲ್ಲಿಗೆ ತಂದಾಗಲೇ ಉಸಿರು ಗೊರಗುಡುತ್ತಿತ್ತಂತೆ. ವಾರ್ಡಿನ ಹೊರಗಿನ ಉದ್ದ ಪಡಸಾಲೆಯಲ್ಲಿ ಬೆಂಚುಗಳ ತುಂಬ ರೋಗಿಗಳ ಕಡೆಯವರು. ಆ ತುದಿಯಲ್ಲಿ ದೇವಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಕೂತಿದ್ದಳು. ಶಿವಕುಮಾರಿಯನ್ನು ನೋಡಿದಳು, ಮುಖ ಆ ಕಡೆ ತಿರುಗಿಸಿಕೊಂಡಳು. ಅವಳಿಗೆ ಹಿಂದಿ ಬರುತ್ತಿತ್ತು. ಅಂಗಳದಲ್ಲಿ ಜನ ಏನೆಂದು ಕೂಗುತ್ತ ಹೊಡೆದರೆಂದು ಅವಳು ಕೇಳಿಸಿಕೊಂಡಿದ್ದಳು.

ಈ ತುದಿಯಲ್ಲಿ ಬಂಡೆಪ್ಪ. ತಂಗಿ ದೇವಕ್ಕನ ಫೋನು ಬಂದಿದ್ದೇ ದಹಿಸರಿನಿಂದ ಲೋಕಲ್ ರೈಲು ಹಿಡಿದು ಬಂದಿದ್ದ. ಮಗಳನ್ನು ಕಂಡಿದ್ದೇ ಅವಳ ಕೈ ಹಿಡಿದುಕೊಂಡು ಮಗುವಿನಂತೆ ಬಿಕ್ಕಿದ.

"ನನ್ನಿಂದ ಆತವ್ವಾ," ಎಂದ. ಕಿವುಡರ ದನಿ, ಪಡಸಾಲೆಯೆಲ್ಲ ಕೇಳುವಷ್ಟು ದೊಡ್ಡದು. "ಮನಿಮನಿಗೆ ಹೋಗು ಅಂತ ನಾನ ಹೇಳೀದ್ನಿ. ನೀ ಒಳ್ಳೇದು ಮಾಡಾಕ ಹೋಗಿದ್ದಿ, ನಾ ಅವನ್ನ ಸಾಯಾಕ ಕಳಿಸಿದೆ. ಅವನ ಹೇಣ್ತಿಗೆ ಏನಂತ ಮಾರಿ ತೋರಸಲಿ?"

ಒಂದು ದಾರಿ ಅವಳ ಮುಂದೆ ಸಲೀಸಾಗಿ ಬಿದ್ದಿತ್ತು. ಅಪ್ಪ ಓದಲಾರ, ಕೇಳಲಾರ. ಅತ್ತೆ ತನ್ನ ಅಣ್ಣನ ಕಿವಿಗೆ ಇದನ್ನು ಹಾಕುವಳೋ ಇಲ್ಲವೋ. ಸುಮ್ಮನೆ ಬೆನ್ನು ಸವರಿ ಸಮಾಧಾನ ಮಾಡಿದರೆ, ಬಂಡೆಪ್ಪ ಸಾಯುವವರೆಗೂ ತನ್ನಿಂದಲೇ ಆಯಿತೆಂದುಕೊಂಡು ಕೊರಗುತ್ತಾನೆ, ಮಗಳು ಮಾತ್ರ ಅವನ ಪಾಲಿಗೆ ಒಳ್ಳೆಯದು ಮಾಡಲು ಹೋದವಳಾಗೇ ಉಳಿಯುತ್ತಾಳೆ.

"ನಿನ್ನಿಂದಲ್ಲಪ್ಪ. ನನ್ನಿಂದ," ಎಂದಳು ಮೆಲ್ಲಗೆ.

"ಆಂ?"

ಪಡಸಾಲೆಯ ತುಂಬ ಜನ. ಪೊಲೀಸಿನವನೊಬ್ಬ ಗೋಡೆಗೊರಗಿ ಮೊಬೈಲು ನೋಡುತ್ತಿದ್ದ. ಯಾರೋ ಹೆಂಗಸು ಇವಳನ್ನೇ ದಿಟ್ಟಿಸುತ್ತಿದ್ದಳು.

"ನನ್ನಿಂದ ಅಪ್ಪಾ!" ಎಂದು ಶಿವಕುಮಾರಿ ಅವನ ಎಡಗಿವಿಗೆ ಬಾಯಿಟ್ಟು ಕಿರುಚಿದಳು. "ಟಿವ್ಯಾಗ ಅವನ್ನ ಹೊಗಳಲಿಲ್ಲ! ಮಕ್ಕಳ ಕಳ್ಳ ಅಂತ ಹಾಕಿಸಿದ್ನಿ! ನಾನ ಬರಸಿದ್ದು!"

ಪೊಲೀಸಿನವನು ತಲೆಯೆತ್ತಿದ. ಬಂಡೆಪ್ಪ ಅವಳ ಕೈ ಬಿಡಲಿಲ್ಲ, ಮುಖ ಮಾತ್ರ ನೋಡಿದ.

"ದಾನಪ್ಪ ಅಂತ ಗೊತ್ತಿರಲಿಲ್ಲೇನು ನಿನಗ?"

"ಮೊದಲು ಗೊತ್ತಿರಲಿಲ್ಲ!"

"ಯಾವಾಗ ಗೊತ್ತಾತು?"

ಸುಳ್ಳು ಹೇಳಬಹುದಿತ್ತು. "ಹನ್ನೊಂದಕ್ಕ," ಎಂದು ಕಿರುಚಿದಳು.

"ಯಾವಾಗ ತಗಿಸಿದಿ?"

"ಒಂದಕ್ಕ!"

ಬಂಡೆಪ್ಪ ತುಟಿ ಅಲ್ಲಾಡಿಸುತ್ತ ಏನೋ ಎಣಿಸಿದ. ಅವಳ ಕೈಯನ್ನು ತನ್ನ ಕೈಯಿಂದ ಬಿಡಿಸಿ ಬೆಂಚಿನ ಮೇಲಿಟ್ಟ.

"ನಾ ಟಿವಿ ಹಚ್ಚಿದ್ದು ಹನ್ನೆರಡಕ್ಕ," ಎಂದ. ಆಮೇಲೆ ಎದ್ದು ಹೋಗಿ ತಂಗಿಯ ಪಕ್ಕದಲ್ಲಿ ಕೂತ.